ಹೆಸರಿಲ್ಲದ ಚೀಟಿ

ಶಾಲೆಗೆ ಹೊಸದಾಗಿ ಬಂದ ಆಪ್ತಸಮಾಲೋಚಕಿ ಸುಹಾಸಿನಿ ಮಿಸ್ ಏಳನೇ ತರಗತಿಯಲ್ಲಿ ಒಂದು ಪೆಟ್ಟಿಗೆ ಇಟ್ಟರು. “ಮನಸ್ಸಿಗೆ ಏನೇ ಕಷ್ಟ ಇದ್ರೂ ಬರೆದು ಹಾಕಿ. ಹೆಸರು ಬೇಡ,” ಎಂದರು.

ದಾಕ್ಷಾಯಿಣಿ ಮೂರು ದಿನ ಯೋಚಿಸಿ, ‘ಗಣಿತ ಸರ್ ಅಂದ್ರೆ ನನಗೆ ತುಂಬಾ ಭಯ’ ಎಂದು ಬರೆದಳು. ಕೆಳಗೆ ಇನ್ನೊಂದು ಸಾಲು ಬರೆದವಳು ನಾಚಿಕೆಯಾಗಿ ಅದನ್ನು ಅಳಿಸಿದಳು.

ಮರುದಿನ ಮಿಸ್ ಅವಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

“ಆ ಚೀಟಿ ನಿಂದೇ ಅಲ್ವಾ ಪುಟ್ಟಾ?”

“ನಿಮಗೆ ಹೇಗೆ ಗೊತ್ತಾಯ್ತು ಮಿಸ್?”

“ಅಕ್ಷರ ನೋಡಿದ ಕೂಡ್ಲೇ ಸರ್ ಹೇಳಿದ್ರು. ಒಂಚೂರೂ ಬೇಜಾರು ಮಾಡ್ಕೊಳ್ಳಲಿಲ್ಲ. ಲೆಕ್ಕ ಬರದೆ ಹೆದರಿದ್ದಾಳೆ ಅಂದ್ರು. ನಾಳೆಯಿಂದ ಶಾಲೆ ಬಿಟ್ಮೇಲೆ ದಿನಾ ಒಂದು ಗಂಟೆ ನಿನ್ನೊಬ್ಬಳಿಗೇ ಪಾಠ ಹೇಳ್ಕೊಡ್ತಾರಂತೆ.”