ಎಡಗಡೆಯ ಬಟನ್

ಸಂಜೆ ನಾಲ್ಕಕ್ಕೆ ವಿಡಿಯೊ ಗೇಮ್ ಪಂದ್ಯದ ಸೆಮಿಫೈನಲ್. ಎರಡು ವರ್ಷ ಒದ್ದಾಡಿ ಗಿಟ್ಟಿಸಿಕೊಂಡ ಅವಕಾಶ. ಆದರೆ ಪಲ್ಲವಿಯ ಹಳೆಯ ಕಂಟ್ರೋಲರ್ ವಾರದಿಂದ ಕೈಕೊಡುತ್ತಿತ್ತು. ಕನ್ಸೋಲ್ ಕಂಪನಿಯದೇ ಹೊಸದು ಊರಲ್ಲೆಲ್ಲೂ ಸಿಗದೆ, ಬೇರೆ ಕಂಪನಿಯ ವೈರ್‌ಲೆಸ್ ಆದರೂ ಆದೀತೆಂದು ಮಧ್ಯಾಹ್ನ ಚನ್ನವೀರಪ್ಪನವರ ಅಂಗಡಿಗೆ ಓಡಿಬಂದಿದ್ದಳು.

ಅಂಗಡಿಯ ಟಿವಿಯ ಮುಂದೆ ಕೂತು ಒಂದೊಂದನ್ನೇ ಪರೀಕ್ಷಿಸಿದಳು. ಹಿಡಿತ ಹಿತವಾಗಿತ್ತು, ಬಲಗಡೆಯ ಬಟನ್‌ಗಳು ಮುಟ್ಟಿದರೆ ಸಾಕು ಓಗೊಡುತ್ತಿದ್ದವು. ಆದರೆ ತೆರೆಯ ಮೇಲಿನ ಆಟಗಾರ ಜಿಗಿಯಬೇಕಾದಲ್ಲಿ ಜಿಗಿಯದೆ ಹಳ್ಳಕ್ಕೆ ಬೀಳುತ್ತಿದ್ದ. ಹೊಸ ಸೆಲ್ ಹಾಕಿಸಿದಳು, ಕುರ್ಚಿಯನ್ನು ಟಿವಿಯ ಹತ್ತಿರಕ್ಕೆ ಎಳೆದುಕೊಂಡಳು. ಪ್ರಯೋಜನವಾಗಲಿಲ್ಲ.

"ಇದೂ ಸರಿ ಇಲ್ರೀ ಕಾಕಾ. ಎಡಗಡಿ ಬಟನ್ ಹಿಡಿಯವಲ್ದು."

"ಮೂರನೇದು ತಂಗಿ ಇದು. ಮೂರೂ ಹೆಂಗ ಕೆಟ್ಟಿರ್ತಾವು?"

"ಒಂದ ಕಂಪನಿ ಮಾಲು, ಎಲ್ಲಾ ಹಂಗ ಇರಬೇಕು. ಬ್ಯಾರೇದು ಕೊಡ್ರಿ, ಕೈ ಮುಗೀತೀನಿ. ಇವತ್ತು ತಪ್ಪಿದ್ರ ನನ್ನ ಮತ್ತ ಯಾರೂ ಕರಿಯೂದಿಲ್ಲ." ಅವಳು ಕಂಟ್ರೋಲರ್ ಅನ್ನು ಅವರತ್ತ ಚಾಚಿದಳು.

ಚನ್ನವೀರಪ್ಪ ಅದನ್ನು ಇಸಿದುಕೊಂಡು ಎಡಗಡೆಯ ಬಟನ್ ಒತ್ತಿದರು. ಆಟಗಾರ ಜಿಗಿದ. ಮತ್ತೆ ಒತ್ತಿದರು, ಮತ್ತೆ ಜಿಗಿದ.

"ಈಗ ನೀ ಒತ್ತು," ಎಂದು ಅವಳಿಗೆ ಕೊಟ್ಟು, ಈ ಸಲ ಟಿವಿಯನ್ನು ಬಿಟ್ಟು ಅವಳ ಕೈಯನ್ನೇ ನೋಡುತ್ತ ನಿಂತರು.

"ನೋಡ್ರಿ, ಎಷ್ಟು ಜೋರಾಗಿ ಒತ್ತಾಕತ್ತೀನಿ!"

ಅವರು ಪಕ್ಕದ ಸ್ಟೂಲಿನ ಮೇಲೆ ಕೂತು ಮೆಲ್ಲಗೆ ಹೇಳಿದರು: "ತಂಗಿ, ನಿನ್ನ ಬೆರಳು ಅಳ್ಳಾಡಾಕತ್ತೇ ಇಲ್ಲ."