ಕಿಟಕಿ ಪಕ್ಕದ ಹಿಮ

"ಮುಟ್ಟಬೇಡ," ಎಂದಳು ಅಕ್ಕ. "ಬಿಚ್ಚೋದು ಅಂಗಡಿಯವರ ಕೆಲಸ. ನಿನ್ನ ಕೈಚಳಕ ಹನ್ನೊಂದು ವರ್ಷದ ಹಿಂದೆಯೇ ನೋಡಿದ್ದೀನಿ."

ಶಾಲು ಸುತ್ತಿ ತಂದ ಚಿತ್ರವನ್ನು ಬಿಚ್ಚಲು ಹೋದ ತಂಗಿ ಕೈ ಹಿಂದಕ್ಕೆ ತೆಗೆದುಕೊಂಡಳು. ಅಲ್ಲಿದ್ದ ಒಂದೇ ಸ್ಟೂಲನ್ನು ಕರವಸ್ತ್ರದಿಂದ ಒರೆಸಿ ಅಕ್ಕನ ಕಡೆ ಸರಿಸಿದಳು. ಅಕ್ಕ ಅದನ್ನು ನೋಡಿಯೂ ನಿಂತೇ ಇದ್ದಳು.

ಚಿತ್ರಗಳಿಗೆ ಫ್ರೇಮು ಹಾಕುವ ಅಂಗಡಿ ಅದು. ಗೋಡೆ ತುಂಬ ಖಾಲಿ ಚೌಕಟ್ಟುಗಳು, ಮೇಜಿನ ಮೇಲೆ ಮರದ ಪುಡಿ, ಅಂಟಿನ ವಾಸನೆ. "ಆ ದೊಡ್ಡ ದೀಪ ಹಾಕಿ," ಎಂದಳು ಅಕ್ಕ, ಹೊರಗೆ ಮಟಮಟ ಮಧ್ಯಾಹ್ನವಿದ್ದರೂ. ಮಬ್ಬು ಎಂದರೆ ಅವಳಿಗೆ ಚಿಕ್ಕಂದಿನಿಂದಲೂ ಆಗದು. ಅಂಗಡಿಯ ಮುದುಕ ದೀಪ ಹಾಕಿ, ಇಬ್ಬರೂ ತಂದ ಚಿತ್ರಗಳನ್ನು ಬಿಚ್ಚಿ ಅಕ್ಕಪಕ್ಕ ಇಟ್ಟ.

ಎರಡರಲ್ಲೂ ಅದೇ ಬೆಟ್ಟದ ಕೊಳ, ಸುತ್ತ ಅದೇ ದಟ್ಟ ಕಾಡು. ತಂಗಿಯದು ವಸಂತ. ಕಾಡಿನ ಹಸಿರು ನೀರಿಗೂ ಇಳಿದಿತ್ತು. ಅಕ್ಕನದು ಚಳಿಗಾಲ. ಮರಗಳ ಮೇಲೆಲ್ಲ ಬಿಳುಪು, ಹೆಪ್ಪುಗಟ್ಟಿದಂಥ ನೀಲಿ ನೀರು.

ತವರಿನಲ್ಲಿ ಇಂಥವು ನಾಲ್ಕಿದ್ದವು. ಅಡುಗೆಮನೆಯಲ್ಲಿ ಒಲೆಯ ಮೇಲಿನ ಗೋಡೆಗೆ ಕಂದು ಬಣ್ಣದ ಶರತ್ಕಾಲ. ಅಪ್ಪ ದಿನವಿಡೀ ಸಿಗರೇಟು ಸುಡುತ್ತಿದ್ದ ಕುರ್ಚಿಯ ಹಿಂದೆ ಹಳದಿ ಬೇಸಿಗೆ. ಹೆಣ್ಣುಮಕ್ಕಳ ಕೋಣೆಯಲ್ಲಿ ಕಿಟಕಿ ಪಕ್ಕದ ಮಂಚ ಅಕ್ಕನದು, ಅದರ ಮೇಲೆ ಹಿಮ. ಒಳಗೋಡೆಯ ಮಂಚ ತಂಗಿಯದು, ಅದರ ಮೇಲೆ ವಸಂತ. ನಾಲ್ಕರಲ್ಲೂ ದಡಕ್ಕೆ ಕಟ್ಟಿದ ಒಂದು ದೋಣಿ, ಆಕಾಶದಲ್ಲಿ ಎರಡು ಹಕ್ಕಿ. ಯಾವ ಕಾಲ ಬಂದರೂ ಆ ಹಕ್ಕಿಗಳು ಜಾಗ ಬಿಟ್ಟು ಕದಲಿರಲಿಲ್ಲ.

ಹತ್ತು ವರ್ಷದವಳಿದ್ದಾಗಲೇ ಅಕ್ಕನ ಎದೆಯಲ್ಲಿ ಒಂದು ಕಲ್ಲು ಕೂತಿತ್ತು. ಅಮ್ಮ ಎಲ್ಲರಿಗೂ ಬಣ್ಣ ಹಂಚಿ, ಅಕ್ಕನಿಗೆ ಮಾತ್ರ ಹಿಮ ಉಳಿಸಿದ್ದಳು. "ಕಿಟಕಿ ಪಕ್ಕ ಮಲಗಿಸಿ ಬಿಸಿಲಲ್ಲಿ ಬೇಯಿಸಿದಳು, ತಲೆ ಮೇಲೆ ಹಿಮ ತೂಗುಹಾಕಿದಳು," ಎಂದು ಗಂಡನ ಮುಂದೆ ಎಷ್ಟು ಸಲ ಹೇಳಿದ್ದಳೋ.

ಆದರೆ ಸಾಯುವ ವಾರ ಅಮ್ಮ ಫೋನಿನಲ್ಲಿ ಹೇಳಿದ್ದಳು: "ನಿನಗೆ ಅಂತ ತಂದಿದ್ದು ಹಸಿರು ಚಿತ್ರ ಕಣೇ. ಮರೀಬೇಡ." ಅಂದು ಆ ಕಲ್ಲು ಕರಗಿತ್ತು. ತಿಂಗಳೊಳಗೆ ತಂಗಿ ಕಳಿಸಿದ ಪಾರ್ಸಲ್ ಬಂತು. ಒಳಗೆ ಹಿಮ. ಹಿಂಬದಿಗೆ ಅಮ್ಮನ ಕೈಬರಹದ ಚೀಟಿ: 'ದೊಡ್ಡವಳಿಗೆ'.

ಕೊನೆಗಾಲದಲ್ಲಿ ಅಮ್ಮನ ಜೊತೆಗಿದ್ದವಳು ತಂಗಿ. ಎರಡು ಚಿತ್ರಗಳ ಚೀಟಿ ಕಿತ್ತು ಅದಲುಬದಲು ಮಾಡಲು ಎಷ್ಟು ಹೊತ್ತು ಬೇಕು? ಅಂದಿನಿಂದ ಅಕ್ಕ ತಂಗಿಯ ಹೊಸಿಲು ತುಳಿದಿರಲಿಲ್ಲ. ಈಗ ತಂಗಿ ತನ್ನ ಮಗಳ ಮದುವೆಗೆ ಕರೆಯಲು ಬಂದಾಗ ಅಕ್ಕ ಒಂದೇ ಮಾತು ಹೇಳಿದ್ದಳು: "ಮೊದಲು ನಿನ್ನ ಚಿತ್ರ ತಗೊಂಡು ಫ್ರೇಮಿನ ಅಂಗಡಿಗೆ ಬಾ. ಕಳ್ಳತನ ಹೊರಗೆ ಬರಲಿ. ಆಮೇಲೆ ಮದುವೆ ಮಾತು."

ತಂಗಿ ಕಳ್ಳಿಯಾಗಿರಲೇಬೇಕಿತ್ತು. ಅಲ್ಲವಾದರೆ ಅಮ್ಮ ಕೊಟ್ಟದ್ದು ಹಿಮವನ್ನೇ ಎಂದಾಗುತ್ತಿತ್ತು.

ಮುದುಕ ಎರಡೂ ಚಿತ್ರಗಳನ್ನು ಬೋರಲು ಹಾಕಿ ಭೂತಗನ್ನಡಿ ಹಿಡಿದ.

"ಚೀಟಿ ಕಿತ್ತ ಗುರುತು ಕಾಣುತ್ತಾ?" ಅಕ್ಕ ಬಗ್ಗಿದಳು.

"ಇಲ್ಲಮ್ಮ."

"ಸರಿಯಾಗಿ ನೋಡಿ. ಇವಳೇನು ಸಾಮಾನ್ಯದವಳಲ್ಲ."

"ಅಕ್ಕ, ಕದ್ದಿದ್ರೆ ನಾನಾಗಿ ಇಲ್ಲಿಗೆ ಬರ್ತಿದ್ನಾ?" ಎಂದಳು ತಂಗಿ.

"ದೊಡ್ಡಮ್ಮ ಎಲ್ಲಿ ಅಂತ ಮದುವೇಲಿ ನಾಲ್ಕು ಜನ ಕೇಳ್ತಾರಲ್ಲ, ಅದಕ್ಕೆ ಬಂದಿದ್ದೀಯ," ಎಂದಳು ಅಕ್ಕ.

ಮುದುಕ ಕೆಮ್ಮಿದ. "ಇಲ್ಲಿ ನೋಡಿ ಅಮ್ಮ. ಹಿಂಬದಿಯ ಅಂಚು ಮುಚ್ಚೋಕೆ ಈ ಕಂದು ಟೇಪು ಹಾಕ್ತೀವಿ. ಚೀಟಿಯ ಕೆಳಗಿನ ಅರ್ಧ ಟೇಪಿನ ಅಡಿ ಇದೆ. ಅಂದ್ರೆ ಫ್ರೇಮು ಹಾಕಿಸಿದ ದಿನವೇ ಅಂಟಿಸಿದ್ದು. ಎರಡರಲ್ಲೂ ಹಾಗೇ. ಆಮೇಲೆ ಯಾರೂ ಮುಟ್ಟಿಲ್ಲ."

ಅಕ್ಕ ಈಗ ಸ್ಟೂಲಿನ ಮೇಲೆ ಕುಳಿತಳು. ತಂಗಿ ಟೇಬಲ್ ಫ್ಯಾನನ್ನು ಅವಳತ್ತ ತಿರುಗಿಸಿದಳು.

"ನಿನ್ನ ಉಪಚಾರ ಬೇಡ. ಗೆದ್ದೆಯಲ್ಲ, ಹೋಗು." ಅಕ್ಕ ಫ್ಯಾನನ್ನು ಗೋಡೆಯತ್ತ ತಿರುಗಿಸಿದಳು. "ಅಮ್ಮ ಸಾಯುವಾಗಲೂ ಸುಳ್ಳು ಹೇಳಿ ಹೋದಳು. ಯಜಮಾನ್ರೇ, ನನ್ನ ಚಿತ್ರ ಬಿಚ್ಚಿ ಕೈಗೆ ಕೊಡಿ. ಇಲ್ಲೇ ಹರಿದು ಹಾಕ್ತೀನಿ."

ಒಣಗಿದ ಟೇಪು ತರಗೆಲೆಯಂತೆ ಎದ್ದು ಬಂತು. ಮುದುಕ ಹಿಂಬದಿಯ ಹಲಗೆಯನ್ನು ಚೀಟಿಯ ಸಮೇತ ತೆಗೆದು ಪಕ್ಕಕ್ಕಿಟ್ಟ. ಗಾಜು ತೆಗೆದ. ಚಿತ್ರದ ಸುತ್ತ ಕೂರಿಸಿದ್ದ ಬಿಳಿ ರಟ್ಟನ್ನು ಎತ್ತಿದವನು ಹಾಗೇ ನಿಂತ.

"ಹರಿಯೋ ಮೊದಲು ಒಮ್ಮೆ ನೋಡಿಬಿಡಿ."

ರಟ್ಟಿನ ಮರೆಯಲ್ಲಿದ್ದ ಬೆರಳಗಲದ ಅಂಚು ನಾಲ್ಕೂ ಸುತ್ತ ಹಚ್ಚಹಸಿರಾಗಿತ್ತು. ತಂಗಿಯ ಚಿತ್ರವನ್ನು ತಂದು ತಾಗಿಸಿದ. ಅದೇ ಹಸಿರು. ಅದೇ ದೋಣಿ, ಅದೇ ಹಕ್ಕಿ.

"ಎರಡೂ ಒಂದೇ ಅಚ್ಚಿನವು," ಎಂದ. "ಬಿಸಿಲಿಗೆ ಮೊದಲು ಹಳದಿ ಹಾರಿಹೋಗುತ್ತೆ. ಹಸಿರಿಂದ ಹಳದಿ ಹೋದ್ರೆ ಉಳಿಯೋದು ನೀಲಿ, ಬಿಳುಪು. ನಿಧಾನ ಅಲ್ವಾ, ಮನೇಲಿದ್ದವರಿಗೆ ಗೊತ್ತೇ ಆಗಲ್ಲ."

ಅಕ್ಕನಿಗೆ ಒಲೆಯ ಹೊಗೆ ನೆನಪಾಯಿತು. ಅಪ್ಪನ ಸಿಗರೇಟು ನೆನಪಾಯಿತು. ಆದರೂ ಕಲ್ಲಿನ ಒಂದು ಚೂರು ಉಳಿದಿತ್ತು.

"ಹಾಗಿದ್ರೆ ಆ ಸುಡುಬಿಸಿಲಿನ ಗೋಡೆ ನನಗೇ ಯಾಕೆ?" ಎಂದಳು, ಯಾರನ್ನೋ ಕೇಳುವಂತೆ.

ತಂಗಿ ಪಕ್ಕಕ್ಕಿಟ್ಟ ಹಲಗೆಯನ್ನು ದೀಪದ ಕೆಳಗೆ ಹಿಡಿದಳು. 'ದೊಡ್ಡವಳಿಗೆ' ಎಂಬುದರ ಕೆಳಗೆ, ಇಷ್ಟು ವರ್ಷ ಟೇಪಿನ ಅಡಿಯಿದ್ದ ಇನ್ನೊಂದು ಸಾಲು ಕಾಣಿಸಿತು. ಅವಳು ಓದಲಿಲ್ಲ. ಸುಮ್ಮನೆ ಅಕ್ಕನ ಕೈಗೆ ಕೊಟ್ಟಳು.

'ಕತ್ತಲೆಂದರೆ ಹೆದರುತ್ತಾಳೆ, ಬೆಳಕಿನ ಗೋಡೆ ಇವಳಿಗಿರಲಿ.'