ತಿಪ್ಪೇಸ್ವಾಮಿಯವರ ಕಿವಿ ಮಿಷನ್ನು

"ಇದು ಇನ್ನು ಸರಿಹೋಗಲ್ಲ ಅಜ್ಜಾ, ಹೊಸದೇ ತಗೋಬೇಕು" ಎಂದು ಕಿವಿ ಮಿಷನ್ ಕ್ಲಿನಿಕ್ಕಿನ ಶೈಲಜಾ ಚೀಟಿಯಲ್ಲಿ ಬರೆದು ತೋರಿಸಿದಳು. ಮಿಲ್ಲಿನ ಮಗ್ಗಗಳ ನಡುವೆ ಮೂವತ್ತು ವರ್ಷ ದುಡಿದು ಕಿವಿ ಕಳೆದುಕೊಂಡಿದ್ದ ತಿಪ್ಪೇಸ್ವಾಮಿ ಓದಿ ತಲೆಯಾಡಿಸಿದರು. ಅಷ್ಟರಲ್ಲಿ ಗೆಳತಿಯ ಫೋನ್ ಬಂತು. ಶೈಲಜಾ ಅವರೆದುರೇ ಹೇಳಿದಳು:

"ಹಳೇ ಸಾಫ್ಟ್‌ವೇರ್ ಇದ್ರೆ ಈ ಕಿವಿ ಮಿಷನ್ ಸರಿಮಾಡೋದು ಐದು ನಿಮಿಷದ ಕೆಲಸ ಕಣೇ. ಅದು ಓಡಬೇಕಂದ್ರೆ ಲ್ಯಾಪ್‌ಟಾಪ್ ಪೂರ್ತಿ ಅಳಿಸಿ ಹಳೇ ಆಪರೇಟಿಂಗ್ ಸಿಸ್ಟಂ ಹಾಕ್ಬೇಕು. ಈ ಮುದುಕನಿಗೋಸ್ಕರ ಯಾರು ಒದ್ದಾಡ್ತಾರೆ?"

ಅಜ್ಜ ಕೈಮುಗಿದು ಹೊರಟುಹೋದರು.

ಆ ಮುಗಿದ ಕೈ ಅವಳನ್ನು ತಿಂಗಳುಗಟ್ಟಲೆ ಚುಚ್ಚಿತು. ಕೊನೆಗೊಂದು ಭಾನುವಾರ ಇಡೀ ದಿನ ಕೂತು ಲ್ಯಾಪ್‌ಟಾಪ್ ಅಳಿಸಿದಳು, ಹಳೇದನ್ನೆಲ್ಲ ಹಾಕಿದಳು, ಮಾರನೆಯ ದಿನ ಅವರನ್ನು ಕರೆಸಿ ಮಿಷನ್ನು ಸರಿಮಾಡಿ ಕಿವಿಗಿಟ್ಟಳು.

"ಈಗ ಕೇಳಿಸ್ತಾ ಅಜ್ಜಾ?"

"ಚೆನ್ನಾಗಿ ಕೇಳಿಸ್ತು ತಾಯಿ."

"ಹಿಂಗೂ ಸರಿಮಾಡಬಹುದು ಅಂತ ನಂಗೆ ಅವತ್ತು ಗೊತ್ತಿರಲಿಲ್ಲ" ಎಂದಳು, ಅವರ ಮುಖ ನೋಡಲಾರದೆ.

"ಇರ್ಲಿ ಬಿಡು ತಾಯಿ." ಅಜ್ಜ ಮೆಲ್ಲಗೆ ನಕ್ಕರು. "ಆ ಮಗ್ಗಗಳ ಸದ್ದಿನಾಗೆ ಮೂವತ್ತು ವರ್ಷ ನಾವು ತುಟಿ ನೋಡೇ ಮಾತಾಡ್ತಿದ್ವಿ."